ನಾಯಿಯನ್ನು ಮುಟ್ಟದೆಯೇ ಕೊಟ್ಟ ತೀರ್ಪು

ಇಂದು ಬಳ್ಳಾರಿಯಲ್ಲಿ ನಡೆದ ಶ್ವಾನ ಪ್ರದರ್ಶನ ನೋಡಿಕೊಂಡು ಬಂದಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಅಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲಿ ಮುಧೋಳ ನಾಯಿಗಳಿರುವುದು ನಿಮಗೆಲ್ಲ ಗೊತ್ತೇ ಇದೆ. ಆದರೆ ಈ ಸಿಟ್ಟು ನಮ್ಮ ನಾಯಿ ಸೋತಿತೆಂದಲ್ಲ, ನಾನು ನಾಯಿಯನ್ನು ಕರೆದೊಯ್ದೇ ಇರಲಿಲ್ಲ. ತೀರ್ಪುಗಾರರು ಒಂದೇ ಒಂದು ನಾಯಿಯನ್ನೂ ಕೈಯಿಂದ ಮುಟ್ಟಿ ನೋಡದೆ ಬಹುಮಾನ ಘೋಷಿಸಿದರಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ.

ತಳಿ ನಾಯಿಯ ತೀರ್ಪು ಅಂದದ ಸ್ಪರ್ಧೆಯಲ್ಲ. ಪ್ರತಿಯೊಂದು ತಳಿಗೂ ಬರಹದಲ್ಲಿ ಒಂದು ಮಾನದಂಡವಿರುತ್ತದೆ. ಎದುರಿಗೆ ನಿಂತ ನಾಯಿ ಆ ಮಾನದಂಡಕ್ಕೆ ಎಷ್ಟು ಹತ್ತಿರವಿದೆ ಎಂಬುದೇ ತೀರ್ಪು. ಕೊನೆಯ ಸುತ್ತಿನಲ್ಲಿ ಪುಟ್ಟ ಪಗ್ ಪಕ್ಕದಲ್ಲಿ ದೈತ್ಯ ಗ್ರೇಟ್ ಡೇನ್ ನಿಂತರೂ ಒಂದನ್ನು ಇನ್ನೊಂದರ ಜೊತೆ ಅಳೆಯುವಂತಿಲ್ಲ, ಎರಡನ್ನೂ ಅವುಗಳದೇ ಮಾನದಂಡದ ಜೊತೆ ಅಳೆಯಬೇಕು. ಅದಕ್ಕಾಗಿಯೇ ತೀರ್ಪುಗಾರರು ಮೊದಲು ದೂರದಿಂದ ಮೈಕಟ್ಟು ನೋಡುತ್ತಾರೆ, ಆಮೇಲೆ ತುಟಿ ಸರಿಸಿ ಹಲ್ಲಿನ ಜೋಡಣೆ ನೋಡುತ್ತಾರೆ, ಭುಜ, ಎದೆ, ಬೆನ್ನುಗಳ ಮೇಲೆ ಕೈಯಾಡಿಸುತ್ತಾರೆ, ಗಂಡು ನಾಯಿಯಾದರೆ ಎರಡೂ ವೃಷಣಗಳು ಇಳಿದಿವೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಕೊನೆಗೆ ಓಡಿಸಿ, ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ನಡಿಗೆ ನೋಡುತ್ತಾರೆ. ದಟ್ಟ ಕೂದಲಿನ ಕೆಳಗೆ ಮೂಳೆ ಹೇಗಿದೆ ಎಂಬುದನ್ನು ಬೆರಳುಗಳೇ ಹೇಳಬೇಕು, ಕಣ್ಣಿಗೆ ಅದು ಕಾಣುವುದಿಲ್ಲ.

ಇಂದು ಗೆದ್ದದ್ದು ಒಂದು ಸೇಂಟ್ ಬರ್ನಾರ್ಡ್. ಆಲ್ಪ್ಸ್ ಪರ್ವತದ ಹಿಮಕ್ಕೆ ಹೊಂದಿಕೊಂಡ ಆ ಜೀವ ನಮ್ಮ ಬಳ್ಳಾರಿಯ ಬಿಸಿಲಿಗೆ ಕೂಲರ್ ಮುಂದೆ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ನಾಲ್ಕು ಹೆಜ್ಜೆ ಓಡಿಸಿದ್ದರೆ ಅದರ ಹಿಂಗಾಲಿನ ಕೀಲುಗಳು ಒಳಕ್ಕೆ ವಾಲಿರುವುದು ತಿಳಿಯುತ್ತಿತ್ತು, ಆದರೆ ಓಡಿಸಲೇ ಇಲ್ಲ. ಅದರ ಎರಡು ನಾಯಿಗಳಾಚೆ ಸಿರುಗುಪ್ಪ ಕಡೆಯ ಕುರಿಗಾಹಿಯೊಬ್ಬರು ತಮ್ಮ ಮುಧೋಳ ನಾಯಿಯನ್ನು ಹಿಡಿದು ನಿಂತಿದ್ದರು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ತೆಳು ಚರ್ಮದಡಿ ಎದ್ದು ಕಾಣುವ ಸೊಂಟದ ಮೂಳೆಗಳು. ತೀರ್ಪುಗಾರರು ನಿಂತಲ್ಲಿಂದಲೇ, "ಏನಪ್ಪಾ, ಇದಕ್ಕೆ ಊಟ ಹಾಕಲ್ವಾ?" ಎಂದರು. ಆ ಕುರಿಗಾಹಿ, "ಇದರ ಜಾತೀನೇ ಹಿಂಗ ಐತ್ರಿ ಸಾಹೇಬ್ರ" ಎಂದು ಮೆಲ್ಲಗೆ ಉತ್ತರಿಸಿದರು. ಆ ಉತ್ತರವೇ ಮಾನದಂಡ! ಬಯಲಿನಲ್ಲಿ ಮೊಲದ ಬೆನ್ನಟ್ಟುವ ನಾಯಿಗೆ ಕೊಬ್ಬಿದ ಪಕ್ಕೆ ದೋಷವೇ ಹೊರತು ಲಕ್ಷಣವಲ್ಲ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಅಂಚೆಚೀಟಿಯ ಮೇಲೆ ಬಂದ ತಳಿ ನಮ್ಮದೇ ಜಿಲ್ಲೆಯಲ್ಲಿ "ಸಣಕಲು" ಎನಿಸಿಕೊಂಡದ್ದು ಕೇಳಿ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

"ಇದು ಜನರ ಸಂತೋಷಕ್ಕೆ ಮಾಡುವ ಪ್ರದರ್ಶನ, ಕೆನಲ್ ಕ್ಲಬ್ಬಿನ ಕಟ್ಟುನಿಟ್ಟು ಇಲ್ಲೇಕೆ?" ಎಂದು ಸಂಘಟಕರಲ್ಲೊಬ್ಬರು, ತಳಿ ನಾಯಿಗಳ ನೋಂದಣಿ ನೋಡಿಕೊಳ್ಳುವ ಸಂಸ್ಥೆಯನ್ನು ಹೆಸರಿಸಿ, ಕೇಳಿದರು. ಸಂತೋಷಕ್ಕೇ ಆದರೆ ಎಲ್ಲ ನಾಯಿಗಳಿಗೂ ಒಂದೊಂದು ಹಾರ ಹಾಕಿ ಕಳುಹಿಸಬಹುದು. ಮೊದಲ ಸ್ಥಾನ ಎಂದು ಮೈಕಿನಲ್ಲಿ ಕೂಗಿದ ಮೇಲೆ ಆ ನಾಯಿಯ ಮರಿಗಳಿಗೆ ಬೆಲೆ ಏರುತ್ತದೆ, ಅದರ ದೋಷವೂ ಮರಿಗಳೊಂದಿಗೆ ಮನೆಮನೆಗೆ ಹೋಗುತ್ತದೆ. ನುರಿತ ತೀರ್ಪುಗಾರರೂ ಎಡವುತ್ತಾರೆ ಎಂಬುದು ನನಗೆ ತಿಳಿಯದ ಮಾತಲ್ಲ. 2012ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ತಮ್ಮ ತಮ್ಮ ತಳಿಯಲ್ಲಿ ಗೆದ್ದ ಬುಲ್‌ಡಾಗ್, ಪೆಕಿಂಗೀಸ್ ಸೇರಿದಂತೆ 6 ನಾಯಿಗಳು ಪಶುವೈದ್ಯರ ತಪಾಸಣೆಯಲ್ಲಿ ಅನುತ್ತೀರ್ಣವಾಗಿ ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ. ಮುಟ್ಟಿ ನೋಡಿ ಕೊಟ್ಟ ತೀರ್ಪನ್ನೇ ಅಲ್ಲಿ ವೈದ್ಯರು ಮರುಪರಿಶೀಲಿಸುವಾಗ, ಮುಟ್ಟದೆಯೇ ಕೊಟ್ಟ ನಮ್ಮೂರಿನ ತೀರ್ಪನ್ನು ಯಾರೂ ಪ್ರಶ್ನಿಸಬಾರದೇ?

ಮುಂದಿನ ಪ್ರದರ್ಶನದಲ್ಲಿ ಪ್ರತಿ ನಾಯಿಯನ್ನೂ ಮುಟ್ಟಿ, ಓಡಿಸಿ ನೋಡಬೇಕು, ಗೆದ್ದ ನಾಯಿ ಏಕೆ ಗೆದ್ದಿತು ಎಂಬುದನ್ನು ಮೈಕಿನಲ್ಲಿಯೇ ಹೇಳಬೇಕು, ಕಣದ ಬಳಿ ಪಶುವೈದ್ಯರೊಬ್ಬರು ಇರಬೇಕು ಎಂದು ಸಂಘಟಕರಿಗೆ ಮನವಿ ಬರೆದಿದ್ದೇನೆ. ಬಳ್ಳಾರಿ, ಸಂಡೂರು, ಸಿರುಗುಪ್ಪದಲ್ಲಿ ನಾಯಿ ಸಾಕಿರುವ ಗೆಳೆಯರು ಸಹಿ ಹಾಕುವುದಾದರೆ ತಿಳಿಸಿ, ಸೋಮವಾರ ಕೊಡಲು ಹೋಗುತ್ತಿದ್ದೇನೆ.