ಕಾಣದ ಕ್ಲಿಪ್ಪಿಗೆ ಅರಸಿನ ಶಾಸ್ತ್ರ

ಕಾಸರಗೋಡಿನಿಂದ ತಲಪಾಡಿಯವರೆಗೆ ಹೆದ್ದಾರಿ ಬದಿಯಲ್ಲಿ ನಗುತ್ತಾ ನಿಂತ ಫ್ಲೆಕ್ಸ್ ಸುಂದರಿಯನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಹಲ್ಲಿಗೆ ಕಂಬಿ ಬೇಡ, ಯಾರ ಕಣ್ಣಿಗೂ ಬೀಳದ ಅಲೈನರ್ ಇದೆ, ಇಷ್ಟ ಬಂದದ್ದೆಲ್ಲ ತಿನ್ನಿ! ತಿನ್ನಬಹುದು, ಸುಳ್ಳಲ್ಲ. ಹಲ್ಲು ನೇರ ಮಾಡಲು ತೊಡುವ ಆ ಪಾರದರ್ಶಕ ಪ್ಲಾಸ್ಟಿಕ್ ಟ್ರೇಯನ್ನು ಬಾಯಿಂದ ತೆಗೆದಿಟ್ಟು ತಿನ್ನಬೇಕು ಎಂದು ಬರೆಯಲು ಮಾತ್ರ ಅಷ್ಟು ದೊಡ್ಡ ಫ್ಲೆಕ್ಸಿನಲ್ಲಿ ಜಾಗ ಸಾಲಲಿಲ್ಲ.

ದಿನಕ್ಕೆ 22 ಗಂಟೆ ಅದು ಹಲ್ಲಿನ ಮೇಲೆಯೇ ಇರಬೇಕು. ಮಿಕ್ಕ 2 ಗಂಟೆಯಲ್ಲಿ ತಿಂಡಿ, ಎರಡೂ ಊಟ, ಹಲ್ಲುಜ್ಜುವುದು, ಮತ್ತೆ ಚಾ. ನಮ್ಮವರ ಚಾ ಗೊತ್ತಲ್ಲ? ಪೇಟೆಗಿಳಿದರೆ ಒಂದು, ಬಸ್ಸು ತಪ್ಪಿದರೆ ಒಂದು, ತಾಲೂಕು ಕಚೇರಿಯಲ್ಲಿ ‘ನಾಳೆ ಬನ್ನಿ’ ಅಂದರೆ ಇನ್ನೊಂದು. ಟ್ರೇ ತೆಗೆದು, ಕುಡಿದು, ಬಾಯಿ ಮುಕ್ಕಳಿಸಿ ಮತ್ತೆ ತೊಡಲು ಹತ್ತು ನಿಮಿಷವೆಂದರೂ ಆರು ಚಾಕ್ಕೆ ಒಂದು ಗಂಟೆ ಖಾಲಿ. ಹಾಗಾಗಿ ಟ್ರೇ ಸಮೇತ ಹೀರುವುದೇ ರೂಢಿ. ಹಾಲಿನ ಪ್ರೋಟೀನ್ ಚಾದಲ್ಲಿ ಕಲೆ ಹಿಡಿಸುವ ಟ್ಯಾನಿನ್ನನ್ನು ಸ್ವಲ್ಪವಾದರೂ ಹಿಡಿದಿಡುತ್ತದೆ. ಹಾಲಿಲ್ಲದ ಸುಲೈಮಾನಿ ಚಾದಲ್ಲಿ ಆ ತಡೆಯೂ ಇಲ್ಲ, ಬಣ್ಣ ಸೀದಾ ಪ್ಲಾಸ್ಟಿಕ್ಕಿಗೆ. ಸಕ್ಕರೆ ನೀರು ಟ್ರೇಗೂ ಹಲ್ಲಿಗೂ ನಡುವೆ ನಿಂತು ಹುಳುಕಿಗೆ ಹಾದಿ ಮಾಡುವುದು ಬೋನಸ್ಸು.

ಅರಸಿನದ ಮುಂದೆ ಚಾ ಪಾಪದ್ದು. ಅರಸಿನದ ಬಣ್ಣ ಕರ್ಕ್ಯುಮಿನ್ ನೀರಿಗೆ ಜಗ್ಗದು, ಎಣ್ಣೆಯಲ್ಲಿ ಕರಗುತ್ತದೆ. ತೆಂಗಿನಕಾಯಿ ಅರೆದ ಮೀನುಸಾರಿನ ಜಿಡ್ಡಿನ ಜೊತೆ ಅದು ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಟ್ರೇಯ ಒಳಗಿಳಿದು ಕೂರುತ್ತದೆ. ಊಟಕ್ಕೆ ತೆಗೆದಿಟ್ಟರೂ ಹಲ್ಲುಜ್ಜದೆ ಮತ್ತೆ ತೊಟ್ಟರೆ ಅದೇ ಕತೆ. ಗಾಬರಿಯಾಗಿ ಬಟ್ಟೆ ಸೋಪು ತಿಕ್ಕಿದಿರೋ, ಹಳದಿ ಹೋಗಿ ಕೆಂಪು! ಕ್ಷಾರ ತಾಗಿದರೆ ಅರಸಿನ ಕೆಂಪಾಗುತ್ತದೆಂದು ಸುಣ್ಣ ಕಲಸಿ ದೃಷ್ಟಿ ತೆಗೆದ ಅಜ್ಜಿಯಂದಿರಿಗೆ ಗೊತ್ತಿತ್ತು. ಕುದಿನೀರಿನಲ್ಲಿ ಅದ್ದಿದರೆ ಇನ್ನೂ ಚಂದ. ಹಾಳೆಯನ್ನು ಬಿಸಿ ಮಾಡಿ ಹಲ್ಲಿನ ಅಚ್ಚಿಗೆ ಒತ್ತಿಯೇ ಟ್ರೇ ಮಾಡುವುದು, ಬಿಸಿಗೆ ಆ ಆಕಾರ ಸಡಿಲವಾಗಿ ಮತ್ತೆ ಹಲ್ಲಿಗೆ ಕೂರದು. ಪೇಸ್ಟು, ಹಲ್ಲುಪುಡಿ ಹಾಕಿ ಉಜ್ಜಿದರೆ ಸಣ್ಣ ಗೀರುಗಳು ಬಿದ್ದು ಮುಂದಿನ ಕಲೆಗೆ ಗೂಡು. ಉಗುರುಬೆಚ್ಚಗಿನ ನೀರು, ಮೃದು ಬ್ರಷ್ಷು, ಎರಡು ಹನಿ ಬಣ್ಣವಿಲ್ಲದ ಲಿಕ್ವಿಡ್ ಸೋಪು, ಇಷ್ಟೇ ಸಾಕು. ಇದನ್ನು ಹೇಳಿದರೆ ಮಾರಾಟವಾಗುವ ವಸ್ತು ಯಾವುದೂ ಇಲ್ಲ ನೋಡಿ.

ಎಲೆ-ಅಡಿಕೆಯ ಮಾತು ಎತ್ತುವುದೇ ಬೇಡ. ಸುಣ್ಣ ಸೇರಿ ಕೆಂಪೇರಿದ ರಸ ಟ್ರೇಯ ಅಂಚಿಗಷ್ಟೇ ಅಲ್ಲ, ಟ್ರೇ ಹಿಡಿದುಕೊಳ್ಳಲೆಂದು ಹಲ್ಲಿಗೆ ಅಂಟಿಸಿದ ಪುಟ್ಟ ಉಬ್ಬುಗಳಿಗೂ ಹಿಡಿಯುತ್ತದೆ. ಟ್ರೇ ಒಂದೆರಡು ವಾರಕ್ಕೆ ಬದಲಾದೀತು, ಉಬ್ಬು ತಿಂಗಳುಗಟ್ಟಲೆ ಅಲ್ಲೇ. ಇನ್ನು ಮದುವೆ ಊಟದಲ್ಲಿ ಬಾಳೆಲೆಯ ಬದಿಗೆ ಇಟ್ಟ ಟ್ರೇ ಎಲೆ ಎತ್ತುವವರ ಬುಟ್ಟಿಗೆ ಹೋದರೆ ಬಣ್ಣದ ಚಿಂತೆಯೇ ಮುಗಿಯಿತು.

ಒಂದು ಟ್ರೇ ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರ್. ಮೆಚ್ಚಬೇಕಾದ್ದೇ. 1956ರ ನವೆಂಬರ್ 1ರಂದು ಕಾಸರಗೋಡಿನ ನಮ್ಮನ್ನು ಆಚೆ ಕೇರಳಕ್ಕೆ ಹಾಕಿದ ಗಡಿ ಅಷ್ಟೂ ಸರಿದಿಲ್ಲ. ಚಂದ್ರಗಿರಿ ಹೊಳೆಯ ಉತ್ತರ ದಡ ಕರ್ನಾಟಕಕ್ಕೆ ಎಂದು ಗಡಿ ತಕರಾರು ನೋಡಲು ಕೂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ಟ್ರೇ ಡಬ್ಬಿಯಿಂದ ಹೊರಬಂದೇ ಇಲ್ಲ.

ನಗು ಸಾಕು. ಕಲೆಯಾದ ಟ್ರೇಯೂ ಹಲ್ಲು ಸರಿಸುತ್ತದೆ, ಅದರಿಂದ ಚಿಕಿತ್ಸೆ ಕೆಡುವುದಿಲ್ಲ. ಆದರೆ ಜನ ಸಾಲ ಮಾಡಿ ದುಡ್ಡು ಕಟ್ಟುವುದು ‘ಕಾಣುವುದಿಲ್ಲ’ ಎಂಬ ಒಂದೇ ಮಾತಿಗೆ. ಕ್ಲಿನಿಕ್ಕಿನವರಿಗೆ ದುಡ್ಡು ಎಣಿಸಿಕೊಳ್ಳುವ ಮೊದಲು ದಿನಕ್ಕೆಷ್ಟು ಚಾ, ಎಲೆ ತಿನ್ನುತ್ತೀರಾ, ಬೀಡಿ ಸೇದುತ್ತೀರಾ ಎಂದು ಕೇಳಲು ಅರ್ಧ ನಿಮಿಷ ಸಾಕು. ಕೇಳುವುದಿಲ್ಲ. ಹಳದಿಯಾದ ಮೇಲೆ ‘ನಿಯಮ ಪಾಲಿಸಿಲ್ಲ’ ಎಂದು ಬೈಯುತ್ತಾರೆ. ಆ ನಿಯಮದ ಚೀಟಿಯೋ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಕಂತು ಕಟ್ಟುವ ತಾರೀಕನ್ನು ಮಾತ್ರ ಫೋನ್ ಮಾಡಿ ಅಚ್ಚ ಕನ್ನಡದಲ್ಲೇ ನೆನಪಿಸುತ್ತಾರೆ.