ಹೊಂಡಕ್ಕಿಂತ ಮೊದಲು ಹೊಲ ನೀರು ಕುಡಿಯಲಿ

ಕೃಷಿಹೊಂಡ, ಚೆಕ್‌ಡ್ಯಾಂಗಳೇ ಬರಕ್ಕೆ ಉತ್ತರ ಎಂದು ಲೇಖನವೊಂದು ವಾದಿಸಿದೆ. ಆ ವಾದ ಅರ್ಧ ಮಾತ್ರ ಸರಿ. ಹೊಂಡಕ್ಕೆ ಬಂದು ಸೇರುವುದು ಹೊಲ ಕುಡಿಯಲಾಗದೆ ಬಿಟ್ಟ ನೀರು. ಹೊಲ ಏಕೆ ಕುಡಿಯಲಿಲ್ಲ ಎಂದು ಆ ಲೇಖನ ಕೇಳುವುದೇ ಇಲ್ಲ.

ಬರಿ ನೆಲದ ಮೇಲೆ ಬಿರುಮಳೆ ಸುರಿದಾಗ ಹನಿಗಳ ಹೊಡೆತಕ್ಕೆ ಮಣ್ಣಿನ ಹರಳುಗಳು, ಅಂದರೆ ಕಣಗಳು ಅಂಟಿಕೊಂಡ ಸಣ್ಣ ಉಂಡೆಗಳು, ಒಡೆಯುತ್ತವೆ. ಆ ನುಣ್ಣನೆಯ ಪುಡಿ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದ ಮೇಲೆ ಉಗುರಿನಿಂದ ಎತ್ತಿದರೆ ತೆಳುವಾದ ಪದರ ಹೆಂಚಿನ ಚೂರಿನಂತೆ ಕೈಗೆ ಬರುತ್ತದೆ. ಮುಂದಿನ ಮಳೆ ಅದರ ಮೇಲೆಯೇ ಜಾರಿ, ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಹಾಗಾಗಿ ಸುರಿದರೆ ಜೋರು ಮಳೆ, ಬಿಡುವಿನಲ್ಲಿ ನೆಲದಿಂದ ಹೆಚ್ಚು ಆವಿ: ಎರಡು ಕಡೆಯಿಂದಲೂ ನಷ್ಟ.

ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದು, ಬೆಳೆಯುಳಿಕೆಯ ಹೊದಿಕೆ ಎಲ್ಲರಿಗೂ ಗೊತ್ತಿರುವುದೇ. ಇವುಗಳಲ್ಲಿ ಹೊದಿಕೆಗೇ ನನ್ನ ಮತ. ಹನಿಯ ಏಟನ್ನೂ ಬಿಸಿಲಿನ ಝಳವನ್ನೂ ಅದೊಂದೇ ತಡೆಯುತ್ತದೆ. ಆದರೆ ಆ ಉಳಿಕೆಯೇ ದನಗಳ ಮೇವಾಗಿರುವ ಕಡೆ ಈ ಸಲಹೆ ನೀಡುವವರು ಮೇವಿನ ದಾರಿಯನ್ನೂ ಹೇಳಬೇಕು.

ಸಾವಯವ ಅಂಶ ಸ್ವಲ್ಪ ಹೆಚ್ಚಿದರೆ ಮಣ್ಣು ಅಪಾರ ನೀರು ಹಿಡಿಯುತ್ತದೆ ಎಂದು ಕೆಲವರು ಬರೆಯುತ್ತಾರೆ. ಇದು ಉತ್ಪ್ರೇಕ್ಷೆ. ಬೆಳೆಗೆ ದಕ್ಕುವ ನೀರಿನ ಸಂಗ್ರಹ ಅದರಿಂದ ಹೆಚ್ಚುವುದು ಅಲ್ಪವೇ. ಮರಳುಮಣ್ಣಿನಲ್ಲಿ ತುಸು ಜಾಸ್ತಿ, ಜೇಡಿಯಲ್ಲಿ ಇನ್ನೂ ಕಡಿಮೆ. ನಿಜವಾದ ಲಾಭ ಬೇರೆ: ಹರಳುಗಳು ಒಡೆಯದೆ ಉಳಿಯುತ್ತವೆ, ಎರೆಹುಳು ಮತ್ತು ಬೇರು ಕೊರೆದ ಬಿಲಗಳಲ್ಲಿ ನೀರು ಆಳಕ್ಕೆ ಇಳಿಯುತ್ತದೆ.