ಕೋವಿ ಠಾಣೆಗೆ, ಟಿಕೆಟ್ ಮನೆಗೆ

ಮಲೆನಾಡಿನಲ್ಲಿ ಚುನಾವಣೆ ಘೋಷಣೆಯಾದರೆ ಮೊದಲು ಹಬ್ಬ ಮಾಡುವುದು ಮಂಗಗಳು. ನೀತಿಸಂಹಿತೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಗಳೆಲ್ಲ ಠಾಣೆ ಸೇರಬೇಕು. 2024ರ ಲೋಕಸಭಾ ಚುನಾವಣೆಯ ಘೋಷಣೆ ಮಾರ್ಚ್ 16ಕ್ಕೆ, ಶಿವಮೊಗ್ಗದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬಾಳೆ, ಹಲಸು, ಎಳೆ ಅಡಿಕೆ ಎಲ್ಲಕ್ಕೂ ಕಾವಲು ಬೇಕಾದ ಕಾಲವೇ ಅದು. ಗಾಳಿಗೆ ಒಂದು ಈಡು ಹೊಡೆಯಲೂ ಕೋವಿಯಿಲ್ಲ. (ಒಪ್ಪಿಸುವ ಮುಂಚೆ ನಳಿಗೆಗೆ ಎಣ್ಣೆ ಹಚ್ಚಿ, ರಸೀದಿ ಜೋಪಾನ ಮಾಡಿ. ವಾಪಸ್ ಸಿಗುವಷ್ಟರಲ್ಲಿ ಮಳೆ ಹಿಡಿದಿರುತ್ತದೆ.)

ಚುನಾವಣಾ ಆಯೋಗದ ಸೂಚನೆ ಅಷ್ಟು ಕುರುಡೇನಲ್ಲ. ಸಮಿತಿಯೊಂದು ಲೈಸೆನ್ಸುಗಳನ್ನು ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕವರು ಯಾರೆಂದು ನೋಡಬೇಕು. ಆದರೆ ಒಂದೊಂದೇ ಕಡತ ಬಿಚ್ಚಲು ಪುರುಸೊತ್ತೆಲ್ಲಿ? ಎಲ್ಲವನ್ನೂ ತರಿಸಿಬಿಡುವುದು ಸಲೀಸು.

ಈಗ ಅದೇ ಪಟ್ಟಿ ಹಿಡಿದು ಪಕ್ಷದ ಕಚೇರಿಗೆ ಹೋಗಿ. ಜಾಮೀನಿನ ಮೇಲಿರುವವರೇ? ಟಿಕೆಟ್ ಕೊಡಬಹುದು. ಗಲಭೆ ಕೇಸೇ? ಅದಕ್ಕೂ ಅಡ್ಡಿಯಿಲ್ಲ. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶದಂತೆ, ಕೇಸಿಲ್ಲದವರು ಯಾಕೆ ಸಿಗಲಿಲ್ಲ ಎಂಬ ಕಾರಣವನ್ನು ಆಯ್ಕೆಯಾದ 48 ಗಂಟೆಯೊಳಗೆ ಪತ್ರಿಕೆಯಲ್ಲೂ ಪಕ್ಷದ ಜಾಲತಾಣದಲ್ಲೂ ಪ್ರಕಟಿಸಿದರಾಯಿತು. 'ಗೆಲ್ಲುವ ಕುದುರೆ' ಎಂದು ಮಾತ್ರ ಬರೆಯುವಂತಿಲ್ಲ. ಅದಕ್ಕೇ 'ಜನಾನುರಾಗಿ, ಕೇಸು ರಾಜಕೀಯ ಪ್ರೇರಿತ' ಎಂದು ಬರೆದರೆ ಕೆಲಸ ಮುಗಿಯಿತು. ಕೋವಿ ಅಪಾಯಕಾರಿ, ಅದನ್ನು ಹಿಡಿದಿದ್ದ ಕೈ ಮಾತ್ರ ಜನಪ್ರಿಯ.

ಪಕ್ಷಕ್ಕೂ ಲೈಸೆನ್ಸ್ ಇದೆಯಲ್ಲ, ರದ್ದು ಮಾಡಬಾರದೇ? ಪಕ್ಷ ಕಟ್ಟಿದ 30 ದಿನದೊಳಗೆ ಅರ್ಜಿ, 10,000 ರೂಪಾಯಿ, ಕನಿಷ್ಠ 100 ಮತದಾರ ಸದಸ್ಯರು, ಸಂವಿಧಾನಕ್ಕೆ ನಿಷ್ಠೆಯ ಒಂದು ಸಾಲು: ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್ನೂ ಅದರಡಿಯ ಆಯೋಗದ ಮಾರ್ಗಸೂಚಿಯೂ ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರ ಕಾಯ್ದೆಯಲ್ಲಿಲ್ಲ. ಮೋಸದಿಂದ ನೋಂದಣಿ ಪಡೆದದ್ದು ಸಾಬೀತಾಗುವಂಥ ಒಂದೆರಡು ಸಂದರ್ಭ ಬಿಟ್ಟರೆ ಆಯೋಗ ರದ್ದು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹಾಗಂತ ಆಯೋಗ ಸುಮ್ಮನೆ ಕೂತಿಲ್ಲ. 2025ರ ಆಗಸ್ಟ್‌ನಲ್ಲಿ 334 ಪಕ್ಷಗಳನ್ನು ಪಟ್ಟಿಯಿಂದ ತೆಗೆಯಿತು. ಅವು ಮಾಡಿದ ತಪ್ಪೇನು? ಆರು ವರ್ಷ ಒಂದೂ ಚುನಾವಣೆಗೆ ನಿಂತಿರಲಿಲ್ಲ. ಶಾಂತಿಯುತ ಚುನಾವಣೆಗೆ ಅವುಗಳಷ್ಟು ಸಹಕರಿಸಿದವರು ಇನ್ನಾರಿದ್ದಾರೆ!

ದುಡ್ಡಿನ ಕಥೆ ಚಿಕ್ಕದು. ಮಂಡಿಯಿಂದ 50,000ಕ್ಕಿಂತ ಹೆಚ್ಚು ನಗದು ತರುವ ಬೆಳೆಗಾರ ಚೆಕ್‌ಪೋಸ್ಟಿನಲ್ಲಿ ಬಿಲ್ ತೋರಿಸಬೇಕು. ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷದ ಮಿತಿ. ಚಹಾ, ಕುರ್ಚಿ, ಶಾಮಿಯಾನಕ್ಕೆಲ್ಲ ದರಪಟ್ಟಿ. ಪಕ್ಷಕ್ಕೆ ಮಿತಿಯೇ ಇಲ್ಲ. ಮುಗಿದ ಮೇಲೆ ಲೆಕ್ಕದ ಒಂದು ಕಟ್ಟು ಕಳಿಸಿದರೆ ಸಾಕು.

ಆದ್ದರಿಂದ ನೂರು ಬೆಳೆಗಾರರು ಸೇರಿ ಪಕ್ಷ ಕಟ್ಟುವುದೇ ಲೇಸು. ತಲೆಗೆ ನೂರು ರೂಪಾಯಿ. ಮಾನ್ಯತೆಯಿಲ್ಲದ ನೋಂದಾಯಿತ ಪಕ್ಷಕ್ಕೂ 20 ಸ್ಟಾರ್ ಪ್ರಚಾರಕರಿಗೆ ಅವಕಾಶವಿದೆ, ಅವರ ಓಡಾಟದ ಖರ್ಚು ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ಅನುಮತಿ ಪಡೆದು ಧ್ವನಿವರ್ಧಕ ಕಟ್ಟಿ ತೋಟಕ್ಕೆ ಇಳಿಸಿ, ಭಾಷಣ ಮಾಡಿಸಿ. ಕೋವಿಗಿಂತ ಚೆನ್ನಾಗಿ ಕೆಲಸ ಮಾಡೀತು. ತೊಂದರೆ ಒಂದೇ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ, ಕಾಡುಹಂದಿ ಬರುವುದೂ ಆಗಲೇ.